ಗುಜರಿಗೆ ಹಾಕೋ ಮುಂಚೆ: ತೋಟದ ಹಳೇ ಕಬ್ಬಿಣದ ಕೊಳೆ ಎಲ್ಲಿಗೆ ಹೋಗಬೇಕು?



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಯಾರ ತೋಟದ ಮನೆಗೆ ಹೋದರೂ ಹಿಂದುಗಡೆ ಒಂದು ಗುಡ್ಡೆ ಕಾಣುತ್ತೆ. ಸುಟ್ಟುಹೋದ ಸಬ್‌ಮರ್ಸಿಬಲ್ ಮೋಟಾರು, ತೂತುಬಿದ್ದ ಜಿಐ ಪೈಪು, ಹಳೇ ಆಯಿಲ್ ಸ್ಟಾರ್ಟರ್, ಟ್ರ್ಯಾಕ್ಟರ್ ಬ್ಯಾಟರಿ, ತುಕ್ಕು ಹಿಡಿದ ಡ್ರಮ್ಮು, ಸವೆದ ರೋಟಾವೇಟರ್ ಬ್ಲೇಡು, ಜೊತೆಗೆ ಔಷಧಿಯ ಖಾಲಿ ಡಬ್ಬಿಗಳು. ಬೋರ್ ಒಂದಾದ ಮೇಲೊಂದು ಬತ್ತಿದ ನಮ್ಮ ಜಿಲ್ಲೆಯಲ್ಲಿ ಈ ಗುಡ್ಡೆ ಸ್ವಲ್ಪ ದೊಡ್ಡದೇ.

ಇದು ಕಸವಲ್ಲ, ದುಡ್ಡು. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ, ಹಿತ್ತಾಳೆ, ಸೀಸ ಎಲ್ಲವೂ ಮತ್ತೆ ಕರಗಿ ಹೊಸ ವಸ್ತು ಆಗುತ್ತವೆ. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಿಯಂ ತೆಗೆಯೋಕೆ ಬೇಕಾಗುವ ಶಕ್ತಿಯಲ್ಲಿ ಸುಮಾರು 95% ಉಳಿತಾಯ ಆಗೋದು ಹಳೇ ಅಲ್ಯೂಮಿನಿಯಂ ಕರಗಿಸಿದಾಗ. ನಮ್ಮ ಜಿಲ್ಲೆಯಲ್ಲೇ ಕಬ್ಬಿಣದ ಅದಿರಿನ ಗಣಿಗಳಿವೆ, ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಅದಿರನ್ನೂ ತೆಗೆದಿದ್ದಾರೆ. ಲೋಹವನ್ನು ನೆಲದಿಂದ ಎತ್ತೋಕೆ ಎಷ್ಟು ಬೆಟ್ಟ ಅಗೆಯಬೇಕು ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ಈ ಗುಡ್ಡೆಯ ಮೇಲೆ ಬರೀ ಮಣ್ಣು, ತುಕ್ಕು ಮಾತ್ರ ಇರಲ್ಲ. ಕೀಟನಾಶಕ, ಹಳೇ ಆಯಿಲ್, ಬ್ಯಾಟರಿ ಆಸಿಡ್, ಸೀಸದ ಪುಡಿ ಇವೂ ಅಂಟಿಕೊಂಡಿರುತ್ತವೆ. "ಕ್ಲೀನ್ ಮಾಡಿ ಕೊಟ್ಟರೆ ಒಳ್ಳೇ ರೇಟು" ಅಂತ ಗುಜರಿಯವರು ಹೇಳ್ತಾರೆ, ಅದು ನಿಜ. ಆದರೆ ತೊಳೆದಾಗ ಕೊಳೆ ಮಾಯ ಆಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೆ. ಕಬ್ಬಿಣದಿಂದ ಬಿಟ್ಟ ವಿಷ ನಿಮ್ಮ ನೀರಿಗೆ, ದನದ ಮೇವಿಗೆ, ಮಕ್ಕಳ ಕೈಗೆ ಹೋದರೆ ಅದು ಕ್ಲೀನ್ ಮಾಡಿದ ಹಾಗಲ್ಲ. ಆದ್ದರಿಂದ ತೊಳೆಯೋ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಕೊಳೆ ಎಲ್ಲಿಗೆ ಹೋಗುತ್ತೆ? ಈ ವಾರದ ಲೇಖನ ಅದರ ಬಗ್ಗೆ.

ನಮ್ಮ ಕಡೆ ಈ ಪ್ರಶ್ನೆ ಯಾಕೆ ಇನ್ನೂ ಮುಖ್ಯ?

ನಮ್ಮದು ಗಟ್ಟಿ ಕಲ್ಲಿನ ಸೀಮೆ. ಇಲ್ಲಿ ಅಂತರ್ಜಲ ಮರಳಿನಲ್ಲಿ ನಿಧಾನವಾಗಿ ಸೋಸಿಕೊಂಡು ಹೋಗಲ್ಲ, ಬಂಡೆಯ ಬಿರುಕುಗಳಲ್ಲಿ ಓಡಾಡುತ್ತೆ. ಬಿರುಕಿಗೆ ಒಮ್ಮೆ ವಿಷ ಇಳಿದರೆ ಅದನ್ನು ತಡೆಯೋಕೆ ಮಣ್ಣಿನ ಪದರ ಇರಲ್ಲ. ಅದು ಯಾರ ಬೋರಿನಲ್ಲಿ ಎದ್ದು ಬರುತ್ತೆ ಅಂತಲೂ ಹೇಳೋಕಾಗಲ್ಲ.

ಇನ್ನೊಂದು ವಿಷಯ. ಈಗ ತುಂಬಾ ಜನ ಕೊಳವೆಬಾವಿ ಸುತ್ತ ಇಂಗುಗುಂಡಿ ಮಾಡಿಸಿದ್ದೀರಿ. ಕಲ್ಲು, ಜಲ್ಲಿ, ಮರಳು ತುಂಬಿಸಿ ಮಳೆ ನೀರು ಇಳಿಸೋದು ಬಹಳ ಒಳ್ಳೇ ಕೆಲಸ. ಆದರೆ ಅದೇ ಗುಂಡಿಯ ಪಕ್ಕ ಡಬ್ಬಿ, ಡ್ರಮ್ಮು, ಸ್ಪ್ರೇಯರ್ ತೊಳೆದರೆ ಮಳೆ ನೀರಿಗೆ ಅಂತ ಮಾಡಿದ ದಾರಿಯಲ್ಲೇ ವಿಷವೂ ಇಳಿಯುತ್ತೆ. ಬೋರಿನ ಹತ್ತಿರ ನೀರು ಸುಲಭವಾಗಿ ಸಿಗುತ್ತೆ ಅಂತ ಹೆಚ್ಚಿನವರು ತೊಳೆಯೋದೂ ಅಲ್ಲೇ. ಇದನ್ನು ಇವತ್ತೇ ನಿಲ್ಲಿಸಿ.

ಅದಕ್ಕಿಂತ ಕೆಟ್ಟ ಅಭ್ಯಾಸ ಒಂದಿದೆ. ವಿಫಲವಾದ ಬೋರಿನೊಳಗೆ ಖಾಲಿ ಔಷಧಿ ಬಾಟಲಿ, ಹಳೇ ಸೆಲ್ಲು, ಆಯಿಲ್ ಡಬ್ಬ ಹಾಕೋದು. "ಹೇಗೂ ನೀರಿಲ್ಲದ ಬೋರು" ಅನ್ನೋ ಲೆಕ್ಕ. ನೀರು ಬರದ ಬೋರೂ ಅದೇ ಬಂಡೆಯ ಬಿರುಕುಗಳಿಗೆ ತೆರೆದ ಬಾಯಿ. ಒಂದು ಒಳ್ಳೇ ಮಳೆಗಾಲದಲ್ಲಿ ಆ ಬಿರುಕು ಮತ್ತೆ ತುಂಬಿದಾಗ ಏನಾಗುತ್ತೆ ಯೋಚಿಸಿ. ವಿಫಲ ಬೋರಿಗೆ ಗಟ್ಟಿಯಾಗಿ ಮುಚ್ಚಳ ಹಾಕಿಸಿ. ಮಕ್ಕಳ ಜೀವಕ್ಕೂ ಅದೇ ರಕ್ಷಣೆ.

ಮೊದಲ ಕೆಲಸ: ಮೂರು ಗುಂಪು ಮಾಡಿ

ನೀರು, ಬ್ರಷ್ಷು ಹಿಡಿಯೋ ಮುಂಚೆ ಗುಡ್ಡೆಯನ್ನು ಮೂರು ಪಾಲು ಮಾಡಿಕೊಳ್ಳಿ.

ಒಂದನೇ ಗುಂಪು: ಬರೀ ಮಣ್ಣು, ತುಕ್ಕು ಇರೋ ಲೋಹ. ನೇಗಿಲು, ಕುಂಟೆ, ಬ್ಲೇಡು, ಪೈಪು, ಬೇಲಿ ತಂತಿ, ಹಳೇ ಶೀಟು, ಆಂಗಲ್. ಇದನ್ನು ನೀವೇ ಕ್ಲೀನ್ ಮಾಡಬಹುದು.

ಎರಡನೇ ಗುಂಪು: ಆಯಿಲ್, ಗ್ರೀಸು, ಕೀಟನಾಶಕ ತಾಗಿರೋದು. ಸ್ಟಾರ್ಟರ್, ಗೇರ್ ಬಾಕ್ಸ್, ಔಷಧಿ ಡಬ್ಬಿ, ಸ್ಪ್ರೇಯರ್‌ನ ಗನ್ನು, ಲ್ಯಾನ್ಸು. ಇದನ್ನು ಕ್ರಮ ಪ್ರಕಾರ ಮಾತ್ರ ಕ್ಲೀನ್ ಮಾಡಬೇಕು.

ಮೂರನೇ ಗುಂಪು: ನಾವು ಬಿಚ್ಚಲೂಬಾರದು, ತೊಳೆಯಲೂಬಾರದು. ಬ್ಯಾಟರಿ, ಏನಿತ್ತು ಅಂತ ಗೊತ್ತಿಲ್ಲದ ಡ್ರಮ್ಮು, ಕಾಳಿಗೆ ಇಡುವ ವಿಷದ ಗುಳಿಗೆಯ ಡಬ್ಬಿ, ಗ್ಯಾಸ್ ಸಿಲಿಂಡರ್, ಫ್ರಿಡ್ಜಿನ ಕಂಪ್ರೆಸರ್, ಗುರುತು ಸಿಗದ ಭಾರದ ಯಂತ್ರದ ಭಾಗ.

ಪ್ರತಿ ಗುಂಪಿನ ಫೋಟೋ ತೆಗೆದಿಟ್ಟುಕೊಳ್ಳಿ. ಔಷಧಿ ಡಬ್ಬಿ ಆದರೆ ಲೇಬಲ್ ಕಾಣುವ ಹಾಗೆ ತೆಗೆಯಿರಿ. ಆಮೇಲೆ ಯಾರನ್ನಾದರೂ ಕೇಳೋಕೂ, ಯಾರಿಗಾದರೂ ವಿಷ ತಾಗಿದರೆ ಡಾಕ್ಟರಿಗೆ ತೋರಿಸೋಕೂ ಆ ಫೋಟೋ ಬೇಕಾಗುತ್ತೆ.

ಮಣ್ಣು, ತುಕ್ಕು: ನೀರೇ ಬೇಡ

ನಮ್ಮ ಕಡೆಯ ಎರೆಮಣ್ಣು ಹಸಿ ಇದ್ದಾಗ ಅಂಟು, ಒಣಗಿದರೆ ಹೆಂಟೆ. ಹಾಗಾಗಿ ಬೇಸಿಗೆಯಲ್ಲಿ ನಾಲ್ಕು ದಿನ ಬಿಸಿಲಿಗೆ ಬಿಟ್ಟು ಸುತ್ತಿಗೆಯಿಂದ ತಟ್ಟಿದರೆ ಮುಕ್ಕಾಲು ಮಣ್ಣು ತಾನೇ ಉದುರುತ್ತೆ. ಉಳಿದಿದ್ದನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ. ಪೈಪಿನ ಒಳಗಿನ ಸುಣ್ಣದ ಪದರ, ಕಂಬದ ಬುಡದ ಕಾಂಕ್ರೀಟು ಇವನ್ನೂ ಒಡೆದು ತೆಗೆಯಿರಿ. ಇವೆಲ್ಲಾ ಇದ್ದರೆ ಗುಜರಿಯವರು ತೂಕದಲ್ಲಿ ಕಟ್ ಹಾಕ್ತಾರೆ. ಅಂದಾಜಿನ ಮೇಲೆ ಹಾಕುವ ಕಟ್ ಯಾವತ್ತೂ ನಿಮ್ಮ ಪರ ಇರಲ್ಲ.

ತುಕ್ಕಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಳಪು ಬರಿಸಿದ್ದಕ್ಕೆ ಯಾರೂ ಹೆಚ್ಚು ದುಡ್ಡು ಕೊಡಲ್ಲ. ಚಕ್ಕೆ ಚಕ್ಕೆಯಾಗಿ ಎದ್ದ ತುಕ್ಕು ಉದುರಿಸಿದರೆ ಸಾಕು. ಬಾತ್‌ರೂಮ್ ಆಸಿಡ್ ಹಾಕಿ ತುಕ್ಕು ಬಿಡಿಸುವವರನ್ನು ನೋಡಿದ್ದೇನೆ. ಆಸಿಡ್ ಕಬ್ಬಿಣವನ್ನೂ ತಿನ್ನುತ್ತೆ, ಬೆಂಕಿ ಹತ್ತುವ ಹೈಡ್ರೋಜನ್ ಗ್ಯಾಸ್ ಬಿಡುತ್ತೆ, ಕೊನೆಗೆ ಉಳಿದ ಆಸಿಡ್ ನೀರು ನೆಲಕ್ಕೆ ಹೋಗುತ್ತೆ. ತೂಕವೂ ಹೋಯ್ತು, ಮಣ್ಣೂ ಹೋಯ್ತು.

ಹಳೇ ಜಿಐ ಪೈಪನ್ನು ಗ್ಯಾಸ್ ಕಟಿಂಗ್ ಮಾಡಿಸ್ತಿದ್ದರೆ ಒಂದು ಎಚ್ಚರಿಕೆ. ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಸತು ಸುಮಾರು 907 ಡಿಗ್ರಿಗೇ ಆವಿಯಾಗುತ್ತೆ, ಕಬ್ಬಿಣ ಕರಗೋಕೆ 1,538 ಡಿಗ್ರಿ ಬೇಕು. ಅಂದರೆ ಕಬ್ಬಿಣ ಕತ್ತರಿಸೋ ಹೊತ್ತಿಗೆ ಸತು ಬಿಳಿ ಹೊಗೆಯಾಗಿ ಎದ್ದಿರುತ್ತೆ. ಅದನ್ನು ಕುಡಿದವರಿಗೆ ಅದೇ ದಿನ ಸಂಜೆ ಚಳಿ, ಜ್ವರ, ಮೈಕೈ ನೋವು ಬರಬಹುದು. ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ಯಿರಿ, ಇಲ್ಲಾಂದ್ರೆ ಪೈಪಿನ ಜಾಯಿಂಟ್ ಬಿಚ್ಚಿ. ಗ್ಯಾಸೇ ಆಗಬೇಕು ಅಂದರೆ ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವ ಹಾಗೆ ನಿಂತು ಮಾಡಿ.

ಮೋಟಾರು, ಕೇಬಲ್: ಬೆಂಕಿ ಹಾಕಬೇಡಿ

ಸುಟ್ಟ ಮೋಟಾರನ್ನು ಹಾಗೇ ಇಡಿಯಾಗಿ ಕೊಟ್ಟರೆ ಕಬ್ಬಿಣದ ರೇಟಿಗೆ ಸ್ವಲ್ಪ ಮೇಲೆ ಸಿಗುತ್ತೆ. ಬಿಚ್ಚಿ ತಾಮ್ರ, ಸ್ಟೀಲು, ಬೀಡು, ಹಿತ್ತಾಳೆ ಬೇರೆ ಮಾಡಿದರೆ ಒಂದೊಂದಕ್ಕೂ ಅದರದ್ದೇ ರೇಟು. ಬೇರೆ ಮಾಡೋದು ಬರೀ ರೇಟಿಗಾಗಿ ಅಲ್ಲ. ಕಬ್ಬಿಣದ ಜೊತೆ ತಾಮ್ರ ಸೇರಿ ಕುಲುಮೆಗೆ ಹೋದರೆ ಆ ತಾಮ್ರವನ್ನು ಮತ್ತೆ ಹೊರಗೆ ತೆಗೆಯೋಕೆ ಆಗಲ್ಲ. ಅಂಥ ಉಕ್ಕು ಬಿಸಿಯಲ್ಲಿ ಉರುಳೆಗೆ ಕೊಟ್ಟಾಗ ಬಿರುಕು ಬಿಡುತ್ತೆ. ಕುಲುಮೆಯವರು ತಾಮ್ರ ಸೇರಿದ ಕಬ್ಬಿಣ ಬೇಡ ಅನ್ನೋದಕ್ಕೆ ಕಾರಣ ಇದು.

ಗುರುತು ಹಿಡಿಯೋಕೆ ಒಂದು ಆಯಸ್ಕಾಂತ ಇಟ್ಟುಕೊಳ್ಳಿ. ಹಳೇ ಸ್ಪೀಕರಿನದ್ದೂ ಆಗುತ್ತೆ. ಕಬ್ಬಿಣ, ಬೀಡು ಅಂಟುತ್ತವೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸೀಸ ಅಂಟಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕೆಲವು ಜಾತಿ ಅಂಟುತ್ತೆ, ಕೆಲವು ಅಂಟಲ್ಲ. ಹಾಗಾಗಿ ಪಂಪಿನ ಸ್ಟೀಲನ್ನು ಬೇರೆ ಚೀಲಕ್ಕೆ ಹಾಕಿ, ಅಂಗಡಿಯಲ್ಲೇ ತೀರ್ಮಾನ ಆಗಲಿ.

ಈಗ ಬೆಂಕಿಯ ವಿಷಯ. ಕೇಬಲ್ಲು, ವೈಂಡಿಂಗ್ ವೈರು ಗುಡ್ಡೆ ಹಾಕಿ ಬೆಂಕಿ ಕೊಟ್ಟು ತಾಮ್ರ ತೆಗೆಯೋದು ಎಲ್ಲಾ ಕಡೆ ನಡೀತಿದೆ. ಪಿವಿಸಿ ಸುಟ್ಟಾಗ ಕಣ್ಣು, ಗಂಟಲು ಉರಿಸುವ ಆಸಿಡ್ ಹೊಗೆ ಬರುತ್ತೆ, ಜೊತೆಗೆ ಡಯಾಕ್ಸಿನ್ ಅನ್ನುವ ವಿಷಗಳೂ ಹುಟ್ಟುತ್ತವೆ. ಡಯಾಕ್ಸಿನ್ ನೀರಿನಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತೆ. ಬೂದಿ, ಮಸಿ ಹೋಗಿ ಹುಲ್ಲಿನ ಮೇಲೆ ಕೂತರೆ ಅದನ್ನು ಮೇಯ್ದ ಹಸುವಿನ ಹಾಲಿನ ಕೊಬ್ಬಿಗೆ ಬರುತ್ತೆ. ಡೈರಿಗೆ ಹಾಲು ಹಾಕುವ ಮನೆಯ ಹಿತ್ತಲಲ್ಲಿ ಕೇಬಲ್ ಸುಡೋದು ಅಂದರೆ ಏನು ಅಂತ ನೀವೇ ಲೆಕ್ಕ ಹಾಕಿ.

ವ್ಯಾಪಾರದ ದೃಷ್ಟಿಯಿಂದಲೂ ಇದು ನಷ್ಟ. ಸುಟ್ಟ ತಾಮ್ರ ಕಪ್ಪಾಗಿ, ಪೆಡಸಾಗಿ ಕೆಳಗಿನ ದರ್ಜೆಗೆ ಇಳಿಯುತ್ತೆ. ಕತ್ತಿಯಲ್ಲಿ ಸುಲಿದ, ಕೆಂಪಗೆ ಹೊಳೆಯುವ ತಾಮ್ರಕ್ಕೆ ಯಾವಾಗಲೂ ಮೇಲಿನ ರೇಟು. ಪ್ಲಾಸ್ಟಿಕ್ ಸುತ್ತಿದ ಸಬ್‌ಮರ್ಸಿಬಲ್ ವೈಂಡಿಂಗ್ ವೈರು ಉದ್ದುದ್ದ ಸೀಳಿದರೆ ಸುಲಿಯುತ್ತೆ. ಕೇಬಲ್ಲನ್ನು ಹಲಗೆಗೆ ಮೊಳೆ ಹೊಡೆದು ಬಿಗಿ ಮಾಡಿಕೊಂಡು ಕತ್ತಿ ಎಳೆಯಿರಿ, ಕೈ ಯಾವಾಗಲೂ ಕತ್ತಿಯ ಹಿಂದೆ ಇರಲಿ. ಸುಲಿದ ಪಿವಿಸಿಯನ್ನು ಒಲೆಗೆ, ಬಚ್ಚಲ ಒಲೆಗೆ ಹಾಕಬೇಡಿ, ಪ್ಲಾಸ್ಟಿಕ್ ಗುಜರಿಗೆ ಕೊಡಿ.

ಇನ್ನೊಂದು ಮಾತು. ಲೈನಿನ ಅಲ್ಯೂಮಿನಿಯಂ ತಂತಿ, ಟಿಸಿಯ ಭಾಗ ಇವು ಬೆಸ್ಕಾಂ ಆಸ್ತಿ. ಗಾಳಿಗೆ ಕಿತ್ತು ನಿಮ್ಮ ಹೊಲದಲ್ಲೇ ಬಿದ್ದಿದ್ದರೂ ಮುಟ್ಟಬೇಡಿ, ಬೆಸ್ಕಾಂಗೆ ಹೇಳಿ. ಕರೆಂಟ್ ಇರಬಹುದು, ಕೇಸೂ ಆಗಬಹುದು.

ಆಯಿಲ್, ಗ್ರೀಸು: ಮೊದಲು ಇಳಿಸಿ, ಆಮೇಲೆ ಒರೆಸಿ

ಆಯಿಲ್ ಸ್ಟಾರ್ಟರ್, ಗೇರ್ ಬಾಕ್ಸ್, ಇಂಜಿನ್ ಭಾಗಗಳಲ್ಲಿ ಆಯಿಲ್ ಇದ್ದೇ ಇರುತ್ತೆ. ಮೊದಲು ಡ್ರೈನ್ ನಟ್ ಬಿಚ್ಚಿ ಒಂದು ಕ್ಯಾನಿಗೆ ಪೂರ್ತಿ ಇಳಿಸಿ. ಒಂದು ರಾತ್ರಿ ಓರೆಯಾಗಿಟ್ಟರೆ ಉಳಿದಿದ್ದೂ ಇಳಿಯುತ್ತೆ. ಆಮೇಲೆ ಮರದ ಹೊಟ್ಟು ಅಥವಾ ಒಣ ಬೂದಿ ಉದುರಿಸಿ ಹಳೇ ಬಟ್ಟೆಯಲ್ಲಿ ಒರೆಸಿ. ಗುಜರಿಗೆ ಇಷ್ಟು ಸಾಕು. ಸೋಪು ನೀರು ಹಾಕಿ ತೊಳೆದರೆ ಒಂದು ಲೀಟರ್ ಆಯಿಲ್ ಹೋಗಿ ಐವತ್ತು ಲೀಟರ್ ಆಯಿಲ್ ನೀರು ಆಗುತ್ತೆ, ಅದನ್ನು ಎಲ್ಲಿ ಚೆಲ್ಲೋದು?

ಹಳೇ ಆಯಿಲನ್ನು ದನದ ಗಾಯಕ್ಕೆ ಹಚ್ಚಬೇಡಿ, ಗೆದ್ದಲಿಗೆ ಅಂತ ಗಿಡದ ಬುಡಕ್ಕೆ ಹಾಕಬೇಡಿ. ಕ್ಯಾನಿನಲ್ಲಿ ಇಟ್ಟು, ಹಳೇ ಆಯಿಲ್ ಸಂಗ್ರಹಿಸಿ ಕೊಡುವ ಗ್ಯಾರೇಜು ಅಥವಾ ಸರ್ವೀಸ್ ಸೆಂಟರಿಗೆ ಕೊಡಿ. ಆಯಿಲ್ ಕುಡಿದ ಹೊಟ್ಟು, ಬಟ್ಟೆಯನ್ನೂ ತಿಪ್ಪೆಗೆ ಹಾಕದೆ ಮುಚ್ಚಳದ ಡಬ್ಬದಲ್ಲಿಟ್ಟು ಅವರಿಗೇ ಕೊಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಆಯಿಲ್, ರಾಸಾಯನಿಕ ಅಂಟಿದ ಖಾಲಿ ಬ್ಯಾರೆಲ್ಲು, ಒರೆಸಿದ ಬಟ್ಟೆ ಎಲ್ಲವೂ ಸೇರಿವೆ.

ಔಷಧಿ ಡಬ್ಬಿ: ತೊಳೆದ ನೀರು ಟ್ಯಾಂಕಿಗೇ ಹೋಗಬೇಕು

ಹಿರಿಯೂರು, ಹೊಸದುರ್ಗ ಕಡೆಯ ದಾಳಿಂಬೆ ಬೆಳೆಗಾರರಿಗೆ ಇದು ಎಲ್ಲರಿಗಿಂತ ಮುಖ್ಯ, ಯಾಕೆಂದರೆ ಸಿಂಪಡಣೆ ಜಾಸ್ತಿ. ಈಗ ಹೆಚ್ಚಿನ ಔಷಧಿ ಪ್ಲಾಸ್ಟಿಕ್ ಬಾಟಲಿಯಲ್ಲೇ ಬರುತ್ತೆ, ಆದರೆ ಅಲ್ಯೂಮಿನಿಯಂ ಬಾಟಲಿ, ತಗಡಿನ ಡಬ್ಬಿ ಇನ್ನೂ ಇವೆ. ಎರಡಕ್ಕೂ ಕ್ರಮ ಒಂದೇ. ಇದನ್ನು ಮೂರು ಸಲ ತೊಳೆಯೋ ಕ್ರಮ ಅಂತಾರೆ. ಮಾಡಬೇಕಾಗಿರೋದು ಗುಜರಿಗೆ ಕೊಡುವ ದಿನ ಅಲ್ಲ, ಔಷಧಿ ಖಾಲಿಯಾದ ಆ ಕ್ಷಣ. ಒಣಗಿ ಅಂಟಿದ ಮೇಲೆ ಬಿಡಿಸೋದು ಕಷ್ಟ.

1. ಕೈಗವಸು, ಮಾಸ್ಕು, ಕನ್ನಡಕ ಹಾಕಿಕೊಳ್ಳಿ. ಡಬ್ಬಿಯನ್ನು ಸ್ಪ್ರೇ ಟ್ಯಾಂಕಿನ ಬಾಯಿಗೆ ತಲೆಕೆಳಗಾಗಿ ಹಿಡಿದು, ಹನಿ ಬೀಳೋಕೆ ಶುರುವಾದ ಮೇಲೂ 30 ಸೆಕೆಂಡ್ ಹಾಗೇ ಇರಿ.
2. ಕಾಲು ಭಾಗ ಶುದ್ಧ ನೀರು ಹಾಕಿ, ಮುಚ್ಚಳ ಬಿಗಿದು 30 ಸೆಕೆಂಡ್ ಚೆನ್ನಾಗಿ ಅಲ್ಲಾಡಿಸಿ.
3. ಆ ನೀರನ್ನು ಅದೇ ಸ್ಪ್ರೇ ಟ್ಯಾಂಕಿಗೆ ಸುರಿದು, ಮತ್ತೆ 30 ಸೆಕೆಂಡ್ ಹನಿಯಲು ಬಿಡಿ.
4. ಇದೇ ರೀತಿ ಇನ್ನೂ ಎರಡು ಸಲ. ಮುಚ್ಚಳವನ್ನೂ ತೊಳೆಯಿರಿ.
5. ಡಬ್ಬಿಯ ತಳಕ್ಕೆ ಎರಡು ಮೂರು ಕಡೆ ಮೊಳೆ ಹೊಡೆದು ತೂತು ಮಾಡಿ, ಚಪ್ಪಟೆ ಮಾಡಿ.

ಯಾಕೆ ಮೂರು ಸಲ? ಒಂದೇ ಸಲ ಜಾಸ್ತಿ ನೀರು ಹಾಕಿ ತೊಳೆದರೆ ಆಗಲ್ವಾ? ಲೆಕ್ಕ ನೋಡಿ. ಡಬ್ಬಿಯಲ್ಲಿ 10 ಮಿ.ಲೀ. ಔಷಧಿ ಅಂಟಿಕೊಂಡಿದೆ, ಪ್ರತಿ ಸಲ ಸುರಿದ ಮೇಲೂ 10 ಮಿ.ಲೀ. ಉಳಿಯುತ್ತೆ ಅಂದುಕೊಳ್ಳಿ. 240 ಮಿ.ಲೀ. ನೀರು ಹಾಕಿ ಒಮ್ಮೆ ತೊಳೆದರೆ ಒಳಗೆ ಉಳಿಯೋ ವಿಷ 25ರಲ್ಲಿ ಒಂದು ಪಾಲು. ಎರಡನೇ ಸಲಕ್ಕೆ 625ರಲ್ಲಿ ಒಂದು ಪಾಲು. ಮೂರನೇ ಸಲಕ್ಕೆ 15,625ರಲ್ಲಿ ಒಂದು ಪಾಲು. ಅಷ್ಟೇ 720 ಮಿ.ಲೀ. ನೀರನ್ನು ಒಟ್ಟಿಗೆ ಹಾಕಿ ಒಂದೇ ಸಲ ತೊಳೆದಿದ್ದರೆ? 73ರಲ್ಲಿ ಒಂದು ಪಾಲು ಉಳೀತಿತ್ತು. ನೀರು ಅಷ್ಟೇ, ಫಲಿತಾಂಶದಲ್ಲಿ ಅಜಗಜಾಂತರ.

ತೊಳೆದ ನೀರು ಟ್ಯಾಂಕಿಗೆ ಹೋಗಿ ಬೆಳೆಗೇ ಸಿಂಪಡಣೆ ಆಗುತ್ತೆ. ನೀವು ದುಡ್ಡು ಕೊಟ್ಟ ಔಷಧಿ ಪೂರ್ತಿ ಬಳಕೆ ಆಯ್ತು, ನೆಲಕ್ಕೆ ಒಂದು ತೊಟ್ಟೂ ಬೀಳಲಿಲ್ಲ. ಟ್ಯಾಂಕಿನ ಒಟ್ಟು ನೀರಿನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ, ಅಷ್ಟೆ. ಸ್ಪ್ರೇಯರ್‌ನ ಗನ್ನು, ಹಿತ್ತಾಳೆ ಲ್ಯಾನ್ಸು, ನಾಝಲ್ಲಿಗೂ ಇದೇ ನಿಯಮ. ಗುಜರಿಗೆ ಹಾಕುವ ಮುಂಚೆ ಟ್ಯಾಂಕಿಗೆ ಶುದ್ಧ ನೀರು ಹಾಕಿ, ಅದೇ ಬೆಳೆಯ ಮೇಲೆ ಹೊಡೆದು ಖಾಲಿ ಮಾಡಿ.

ತೊಳೆದ ಡಬ್ಬಿಯನ್ನು ಏನು ಮಾಡೋದು? 1971ರ ಕೀಟನಾಶಕ ನಿಯಮಗಳ 44ನೇ ನಿಯಮ ಹೇಳೋದು ಇಷ್ಟು: ಖಾಲಿ ಡಬ್ಬಿ ಮತ್ತೆ ಬಳಕೆಗೆ ಸಿಗುವ ಹಾಗೆ ಹೊರಗೆ ಬಿಡಬಾರದು, ಒಡೆದು ವಾಸದ ಜಾಗದಿಂದ ದೂರ ಹೂಳಬೇಕು, ನೀರು ಕೆಡದ ಹಾಗೆ ವಿಲೇವಾರಿ ಮಾಡಬೇಕು. ಹಾಗಾಗಿ ಔಷಧಿ ಡಬ್ಬಿಯನ್ನು ಮನೆಯ ಬೇರೆ ಗುಜರಿ ಜೊತೆ ಸೇರಿಸಿ ಕೊಡಲೇಬೇಡಿ. ತೂತು ಮಾಡಿದ ಡಬ್ಬಿಗಳನ್ನು ಬೇರೆ ಚೀಲದಲ್ಲಿ ಬೀಗದ ಕೋಣೆಯಲ್ಲಿಡಿ. ಕಂಪನಿ ಕಡೆಯಿಂದ ವಾಪಸ್ ತಗೊಳ್ಳುವ ವ್ಯವಸ್ಥೆ ಇದೆಯಾ ಅಂತ ಔಷಧಿ ಅಂಗಡಿಯಲ್ಲಿ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹತ್ತು ಜನ ಕೇಳಿದರೆ ಅಂಗಡಿಯವರೂ ಕಂಪನಿಯನ್ನು ಕೇಳ್ತಾರೆ. ಹೂಳಲೇಬೇಕಾದರೆ ಬೋರು, ಬಾವಿ, ಹಳ್ಳ, ಕೆರೆಯಿಂದ ದೂರದ ಎತ್ತರದ ಜಾಗ ನೋಡಿ. ಚೆನ್ನಾಗಿ ತೊಳೆದಿದ್ದೇವೆ ಅಂತ ಎಣ್ಣೆ, ಉಪ್ಪು, ಕುಡಿಯೋ ನೀರಿಗೆ ಬಳಸೋದು ಮಾತ್ರ ಯಾವ ಕಾರಣಕ್ಕೂ ಬೇಡ.

ಡಬ್ಬಿಯಲ್ಲಿ ಔಷಧಿ ಇನ್ನೂ ಉಳಿದಿದ್ದರೆ ಈ ಕ್ರಮ ಅದಕ್ಕಲ್ಲ. ಕಾಸರಗೋಡಿನ ಉದಾಹರಣೆ ನೆನಪಿರಲಿ. ಎಂಡೋಸಲ್ಫಾನ್ ಬಳಕೆ ನಿಂತು ವರ್ಷಗಳಾದ ಮೇಲೂ ಅಲ್ಲಿನ ಗೋಡೌನ್‌ಗಳಲ್ಲಿ ಉಳಿದ ದಾಸ್ತಾನು ತಲೆನೋವಾಗಿತ್ತು. ಹಳೇ ಬ್ಯಾರೆಲ್‌ಗಳಿಂದ ಅದನ್ನು ಹೊಸ ಬ್ಯಾರೆಲ್‌ಗಳಿಗೆ ತುಂಬಿಸೋಕೆ 2012ರಲ್ಲಿ ತಜ್ಞರ ತಂಡವೇ ಬರಬೇಕಾಯ್ತು. ಉಳಿದ ವಿಷ ತಾನಾಗಿ ಹೋಗಲ್ಲ, ಡಬ್ಬಿಯೇ ಮೊದಲು ಹೋಗುತ್ತೆ. ಬೇಕಾದಷ್ಟೇ ತಗೊಳ್ಳಿ, ತಂದಿದ್ದನ್ನು ಅವಧಿಯೊಳಗೆ ಮುಗಿಸಿ.

ಮುಟ್ಟಲೇಬಾರದ ನಾಲ್ಕು

ಬ್ಯಾಟರಿ. ಟ್ರ್ಯಾಕ್ಟರ್, ಯುಪಿಎಸ್ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. "ಆಸಿಡ್ ಚೆಲ್ಲಿ ತನ್ನಿ" ಅನ್ನುವ ವ್ಯಾಪಾರಿಗೆ ಕೊಡಬೇಡಿ. ಚೆಲ್ಲಿದ ಆಸಿಡಿನಲ್ಲಿ ಸೀಸವೂ ಕರಗಿರುತ್ತೆ, ನೆಲಕ್ಕೆ ಬಿದ್ದ ಸೀಸ ಹಾಗೇ ಉಳಿಯುತ್ತೆ. ಮಕ್ಕಳ ಮೆದುಳಿಗೆ ಹಾನಿ ಮಾಡದಷ್ಟು ಸುರಕ್ಷಿತ ಸೀಸದ ಪ್ರಮಾಣ ಅಂತ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಸೀಸ 327 ಡಿಗ್ರಿಗೇ ಕರಗೋದರಿಂದ ಕೆಲವರು ಸೌದೆ ಒಲೆಯಲ್ಲೇ ಕರಗಿಸ್ತಾರೆ. ಆ ಹೊಗೆ, ಪುಡಿ ಇಡೀ ಮನೆಗೆ ವಿಷ. ಬ್ಯಾಟರಿಯನ್ನು ನೆಟ್ಟಗೆ, ಮುಚ್ಚಳ ಮೇಲಿರುವ ಹಾಗೆ ಇಟ್ಟು, ಹೊಸ ಬ್ಯಾಟರಿ ತಗೊಳ್ಳುವಾಗ ಅಂಗಡಿಗೇ ವಾಪಸ್ ಕೊಟ್ಟು ಬೆಲೆ ಕಡಿಮೆ ಮಾಡಿಸಿಕೊಳ್ಳಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದ್ದು. ಆಸಿಡ್ ಸೋರಿದ್ದರೆ ಮೇಲೆ ಅಡುಗೆ ಸೋಡಾ ಉದುರಿಸಿ, ನೊರೆ ನಿಲ್ಲುವವರೆಗೆ ಕಾಯಿರಿ.

ಡ್ರಮ್ಮು. ಖಾಲಿ ಡ್ರಮ್ಮು ಕುಯ್ದು ದನಕ್ಕೆ ನೀರಿನ ಬಾನಿ, ಮೇವಿನ ತೊಟ್ಟಿ ಮಾಡೋದು ನಮ್ಮಲ್ಲಿ ಸಾಮಾನ್ಯ. ಪೆಟ್ರೋಲ್, ಡೀಸೆಲ್, ಥಿನ್ನರ್, ಆಯಿಲ್, ರಾಸಾಯನಿಕ ಇದ್ದ 200 ಲೀಟರ್ ಡ್ರಮ್ಮು ತುಂಬಿದ್ದಾಗ ಇರೋದಕ್ಕಿಂತ ಖಾಲಿ ಆದಾಗಲೇ ಹೆಚ್ಚು ಅಪಾಯ. ತುಂಬಿದ್ದಾಗ ಒಳಗೆ ಗಾಳಿ ಇರಲ್ಲ. ಖಾಲಿ ಆದಾಗ ತಳದ ಮಡಿಕೆಯಲ್ಲಿ ಉಳಿದ ನಾಲ್ಕು ಚಮಚ ದ್ರವ ಆವಿಯಾಗಿ ಗಾಳಿ ಜೊತೆ ಸೇರಿರುತ್ತೆ. ಗ್ಯಾಸ್ ಕಟರ್, ವೆಲ್ಡಿಂಗ್, ಗ್ರೈಂಡರಿನ ಒಂದು ಕಿಡಿ ಸಾಕು, ಡ್ರಮ್ಮು ಬಾಂಬಿನ ಹಾಗೆ ಸಿಡಿಯುತ್ತೆ. ನೀರಲ್ಲಿ ಒಂದು ಸಲ ಜಾಲಾಡಿಸಿದರೆ ಮಡಿಕೆಯೊಳಗಿನದ್ದು ಹೋಗಲ್ಲ. ಇಂಥ ಡ್ರಮ್ಮಿಗೆ ಬೆಂಕಿ, ಕಿಡಿ ತಾಗಿಸಲೇಬೇಡಿ. ಬಿರಟೆ ತೆಗೆದು ಹಾಗೇ ಇಡಿಯಾಗಿ ಡ್ರಮ್ಮಿನ ವ್ಯಾಪಾರಿಗೆ ಕೊಡಿ. ದನದ ನೀರಿಗೆ ಸಿಮೆಂಟ್ ತೊಟ್ಟಿಯೇ ಒಳ್ಳೇದು. ಒಳಗೆ ಏನಿತ್ತು ಅಂತ ಮೂಸಿ ನೋಡುವ ಅಭ್ಯಾಸವೂ ಬೇಡ.

ಕಾಳಿಗೆ ಇಡುವ ಗುಳಿಗೆಯ ಡಬ್ಬಿ. ಮೆಕ್ಕೆಜೋಳ, ಕಾಳು ದಾಸ್ತಾನಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ತೇವ ತಾಗಿದರೆ ಫಾಸ್ಫೀನ್ ಅನ್ನುವ ಪ್ರಾಣ ತೆಗೆಯುವ ಗ್ಯಾಸ್ ಬಿಡುತ್ತೆ, ಬೆಂಕಿಯೂ ಹತ್ತಬಹುದು. ಮೂರು ಸಲ ತೊಳೆಯೋ ಕ್ರಮ ಇದಕ್ಕೆ ಅಲ್ಲವೇ ಅಲ್ಲ. ನೀರು ಹಾಕಿ ಮುಚ್ಚಳ ಬಿಗಿದು ಅಲ್ಲಾಡಿಸೋದು ಅಂದರೆ ಸಾವನ್ನು ಕರೆದ ಹಾಗೆ. ಈ ಗುಳಿಗೆ ಬಳಸೋಕೆ ತರಬೇತಿ ಪಡೆದವರಿಗೆ ಮಾತ್ರ ಅನುಮತಿ. ಮನೆಯಲ್ಲಿ ಹಳೇ ಡಬ್ಬಿ ಸಿಕ್ಕರೆ ಬಿಚ್ಚಬೇಡಿ, ಒಣ ಜಾಗದಲ್ಲಿ ಮನೆಯವರು ಮಲಗುವ ಕೋಣೆಯಿಂದ ದೂರ ಇಟ್ಟು ಕೃಷಿ ಇಲಾಖೆಯವರಿಗೆ ತಿಳಿಸಿ.

ಗುರುತು ಸಿಗದ ವಸ್ತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ನಡೆದಿದ್ದು ಗೊತ್ತಿರಲಿ. ದೆಹಲಿ ವಿಶ್ವವಿದ್ಯಾಲಯ ಹರಾಜಿಗೆ ಹಾಕಿದ ಹಳೇ ಯಂತ್ರವೊಂದರಲ್ಲಿ ಕೋಬಾಲ್ಟ್-60 ಅನ್ನುವ ವಿಕಿರಣ ವಸ್ತು ಇತ್ತು. ಗೊತ್ತಿಲ್ಲದೆ ಬಿಚ್ಚಿದರು. ಒಬ್ಬರು ಸತ್ತರು, ಇನ್ನೂ ಹಲವರು ಗಂಭೀರವಾಗಿ ಗಾಯಗೊಂಡರು. ವಿಕಿರಣವನ್ನು ಬ್ರಷ್ಷು, ಸೋಪು, ಬೆಂಕಿ ಯಾವುದೂ ತೆಗೆಯಲ್ಲ. ಇದು ತೋಟದಲ್ಲಿ ಸಿಗುವ ವಸ್ತುವಲ್ಲ. ಆದರೆ ಅಗ್ಗಕ್ಕೆ ಸಿಗುತ್ತೆ ಅಂತ ಹೊರಗಿಂದ ಹಳೇ ಲೋಹ ಕೊಂಡು ತರುವ ಹುಡುಗರು ನಮ್ಮಲ್ಲೂ ಇದ್ದಾರೆ. ಗಾತ್ರಕ್ಕಿಂತ ವಿಪರೀತ ಭಾರದ, ಸೀಸ ಸುತ್ತಿದ ಪೆಟ್ಟಿಗೆ, ಹಳದಿ ಮೇಲೆ ಮೂರು ಎಸಳಿನ ಫ್ಯಾನಿನಂಥ ಗುರುತು ಕಂಡರೆ ದೂರ ಸರಿದು ಪೊಲೀಸರಿಗೆ ಹೇಳಿ.

ಮಾರುವಾಗ

ಬಾಯಿ ಮುಚ್ಚಿದ ಯಾವ ವಸ್ತುವನ್ನೂ ಗುಜರಿಗೆ ಸೇರಿಸಬೇಡಿ. ಬೈಕಿನ ಶಾಕ್ ಅಬ್ಸಾರ್ಬರ್, ಹೈಡ್ರಾಲಿಕ್ ಸಿಲಿಂಡರ್, ಎರಡೂ ಕಡೆ ಮುಚ್ಚಿದ ಪೈಪಿನ ತುಂಡು, ಒಳಗೆ ನೀರು ನಿಂತ ಡಬ್ಬ ಇವು ಕುಲುಮೆಗೆ ಬಿದ್ದಾಗ ಸಿಡಿಯುತ್ತವೆ. ಕರಗಿದ ಉಕ್ಕು ಹಾರಿ ಬೀಳೋದು ಅಲ್ಲಿ ಕೆಲಸ ಮಾಡುವ ಯಾರದೋ ಮನೆ ಮಗನ ಮೈಮೇಲೆ. ಅಂಥವನ್ನು ಬೇರೆ ಇಟ್ಟು, "ಇದು ಮುಚ್ಚಿದೆ" ಅಂತ ಹೇಳಿ ಕೊಡಿ.

ಎರಡು ಮೂರು ಅಂಗಡಿಗೆ ಫೋನ್ ಮಾಡಿ ಲೋಹವಾರು ರೇಟು ಕೇಳಿ. ಎಲ್ಲಾ ಸೇರಿಸಿ ಒಂದೇ ರೇಟಿಗೆ ಒಪ್ಪಬೇಡಿ. ತಕ್ಕಡಿ ಸೊನ್ನೆಯಲ್ಲಿದೆಯಾ ನೋಡಿ, ತೂಕದ ಫೋಟೋ ತೆಗೆಯಿರಿ, ಚೀಟಿ ಬರೆಸಿಕೊಳ್ಳಿ. ಮೋಟಾರು, ಕೇಬಲ್ ಕಳ್ಳತನ ಜಾಸ್ತಿ ಇರೋ ಕಡೆ ಆ ಚೀಟಿ ನಿಮ್ಮ ರಕ್ಷಣೆಗೂ ಬೇಕು.

ಕೆಲಸ ಮುಗಿದ ಮೇಲೆ ಸೋಪು ಹಾಕಿ ಸ್ನಾನ ಮಾಡಿ, ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಹಾಕದೆ ಬೇರೆ ಒಗೆಯಿರಿ. ತಲೆಸುತ್ತು, ವಾಂತಿ, ಬೆವರು, ಕಣ್ಣು ಮಂಜು, ಉಸಿರಾಟಕ್ಕೆ ಕಷ್ಟ ಆದರೆ ಮನೆಮದ್ದು ಮಾಡ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಲೇಬಲ್ ಫೋಟೋ ಆಸ್ಪತ್ರೆಗೆ ತೋರಿಸಿ.

ಅನುಮಾನ ಬಂದಾಗ ಕೇಳೋಕೆ ಜಾಗಗಳಿವೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇದೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಈ ವಾರ ಒಂದು ಕೆಲಸ ಮಾಡಿ. ತೊಳೆಯೋದು ಆಮೇಲೆ ಇರಲಿ, ಮೊದಲು ಗುಡ್ಡೆಯನ್ನು ಮೂರು ಪಾಲು ಮಾಡಿ, ಮೂರನೇ ಪಾಲನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಗುಜರಿ ದುಡ್ಡು ಮುಂದಿನ ತಿಂಗಳೂ ಬರುತ್ತೆ. ಕೆಟ್ಟ ಬೋರಿನ ನೀರು ಮಾತ್ರ ನಮ್ಮ ಕಾಲದಲ್ಲಿ ಸರಿಹೋಗಲ್ಲ.